ಗಾಳಿ ಬೀಸುವಾಗ ಗುಡ್ಡದ ಓಟ: ಪುಣೆಯ ಕನ್ನಡಿಗ ಓಟಗಾರರಿಗೆ ಸಮಗ್ರ ಮಾರ್ಗದರ್ಶಿ

ಜೂನ್ ಎರಡನೇ ವಾರದಿಂದ ಆಗಸ್ಟ್ ಮುಗಿಯುವವರೆಗೆ ಪುಣೆಯ ನಮ್ಮ ಓಟಗಾರರು ಹೇಳುವ ದೂರು ಹೆಚ್ಚುಕಡಿಮೆ ಒಂದೇ. ಮೇ ತಿಂಗಳಲ್ಲಿ ನಿರಾಯಾಸವಾಗಿ ಏರಿದ್ದ ಸಿಂಹಗಡ ಕೋಟೆಗುಡ್ಡದ ತುದಿಯಲ್ಲಿ ಈಗ ನಡುಕ ಹಿಡಿಯುತ್ತದೆ. ಇಳಿಯುವಾಗ ತೊಡೆ ಸೆಟೆದುಕೊಳ್ಳುತ್ತದೆ. ಕಾತ್ರಜ್‌ನಿಂದ ಸಿಂಹಗಡಕ್ಕೆ ಹೊರಟವರು ಅರ್ಧ ದಾರಿಯಲ್ಲೇ ಸೋತು ಹೋಗುತ್ತಾರೆ. ಬೆಳಗಾವಿ, ಧಾರವಾಡ, ಗದಗಿನಿಂದ ಬಂದವರಿಗೆ ಆಷಾಢದ ಗಾಳಿ ಹೊಸದೇನಲ್ಲ, ಆದರೂ ಇವರೇ ಎಡವುತ್ತಾರೆ.

ಇವರಲ್ಲಿ ಹೆಚ್ಚಿನವರಿಗೆ ಶಕ್ತಿಯ ಕೊರತೆಯಿಲ್ಲ. ಗಾಳಿ, ಏರು, ದೂರ ಮೂರನ್ನೂ ಒಂದೇ ಭಾನುವಾರ ಮೈಮೇಲೆ ಹಾಕಿಕೊಳ್ಳುವುದೇ ತೊಂದರೆಯ ಮೂಲ. ವಾರವೆಲ್ಲ ಹಿಂಜವಡಿಯಲ್ಲೋ ಖರಾಡಿಯಲ್ಲೋ ಕಚೇರಿಯ ಕುರ್ಚಿಗೆ ಅಂಟಿಕೊಂಡ ಮೈಗೆ ಈ ಮೂರನ್ನೂ ಬೇರೆ ಬೇರೆಯಾಗಿ ಪರಿಚಯಿಸಬೇಕು, ಆಮೇಲೆ ಕೂಡಿಸಬೇಕು. ಕೆಳಗಿನ ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ.

ಈ ಮಾರ್ಗದರ್ಶಿ ಸಮತಟ್ಟಾದ ರಸ್ತೆಯಲ್ಲಿ ನಿಲ್ಲದೆ 8 ಕಿಲೋಮೀಟರ್ ಓಡಬಲ್ಲವರಿಗೆ. ಅಷ್ಟು ಇನ್ನೂ ಆಗದಿದ್ದರೆ ಮೊದಲು ಅದನ್ನು ಸಾಧಿಸಿಕೊಳ್ಳಿ. ಆಸ್ತಮಾ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಹಂತ 1: ಆರು ವಾರವನ್ನು ಹಂಚಿಕೊಳ್ಳಿ

ಮೊದಲ ಎರಡು ವಾರ ಗಾಳಿ ಮಾತ್ರ, ಗುಡ್ಡ ಬೇಡ. ಬಯಲಿಗೆ ತೆರೆದುಕೊಂಡ ಯಾವುದಾದರೂ ನೇರ ದಾರಿಯಲ್ಲಿ ಎದುರುಗಾಳಿಗೆ ಮುಖಮಾಡಿ ಒಂದು ನಿಮಿಷ ಗಟ್ಟಿಯಾಗಿ ಓಡಿ, ತಿರುಗಿ ನಿಧಾನವಾಗಿ ಜಾಗ್ ಮಾಡುತ್ತಾ ಬನ್ನಿ. ಇದನ್ನು ಆರು ಸಲ ಮಾಡಿ, ವಾರಕ್ಕೆ ಒಂದು ದಿನ ಸಾಕು. ಉಳಿದ ದಿನಗಳ ಓಟ ಎಂದಿನಂತೆ ಇರಲಿ. ಎದುರುಗಾಳಿಯಲ್ಲಿ ಉಸಿರು ಎಷ್ಟು ಬೇಗ ಏರುತ್ತದೆ ಎಂಬುದು ಮೈಗೆ ಗೊತ್ತಾಗಲಿ ಎಂಬುದಷ್ಟೇ ಇದರ ಉದ್ದೇಶ.

ಮೂರು ಮತ್ತು ನಾಲ್ಕನೇ ವಾರ ಏರು, ಆದರೆ ಗಾಳಿಯ ಮರೆಯಲ್ಲಿ. ಪುಣೆ ನಗರದೊಳಗಿನ ಗುಡ್ಡವಾದ ವೇತಾಳ ಟೇಕಡಿಯ ಪೂರ್ವ ಮಗ್ಗುಲು, ಅಂದರೆ ಲಾ ಕಾಲೇಜ್ ರಸ್ತೆ ಕಡೆಯಿಂದ ಹತ್ತುವ ಕಾಲುದಾರಿಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ಎರಡೆರಡು ನಿಮಿಷದ ಏರು, ಆರರಿಂದ ಎಂಟು ಸಲ. ಎರಂಡವಣೆ, ಡೆಕ್ಕನ್ ಕಡೆ ಇರುವವರು ಕಚೇರಿಗೆ ಮುನ್ನವೇ ಮುಗಿಸಿ ಬರಬಹುದು. ದಕ್ಷಿಣ ಪುಣೆಯವರಿಗೆ ತಳಜಾಯಿ ಗುಡ್ಡವಿದೆ.

ಐದನೇ ವಾರ ಗಾಳಿಯನ್ನೂ ಏರನ್ನೂ ಕೂಡಿಸಿ, ದೂರವನ್ನು ಮಾತ್ರ ಹೆಚ್ಚಿಸಬೇಡಿ. ಅದೇ ವೇತಾಳ ಟೇಕಡಿಯನ್ನು ಈ ಸಲ ಕೋಥ್ರುಡ್ ಕಡೆಯಿಂದ ಹತ್ತಿದರೆ ನೈಋತ್ಯದ ಗಾಳಿ ಮೈಗೆ ತಾಗುತ್ತದೆ. ಆರನೇ ವಾರ ಸಿಂಹಗಡ, ಒಂದೇ ಸಲ. ಆ ವಾರದ ಉಳಿದ ಓಟಗಳನ್ನು ಅರ್ಧಕ್ಕೆ ಇಳಿಸಿ.

ಕಾತ್ರಜ್–ಸಿಂಹಗಡದ ದಾರಿಯನ್ನು ನಾನು ಈ ಆರು ವಾರಗಳಲ್ಲಿ ಬೇಕೆಂದೇ ಸೇರಿಸಿಲ್ಲ. ಕಾತ್ರಜ್ ಹಳೆಯ ಸುರಂಗದ ಮೇಲಿನ ವಾಘಜಾಯಿ ಗುಡಿಯಿಂದ ಹೊರಟರೆ ಗುಡ್ಡದಿಂದ ಗುಡ್ಡಕ್ಕೆ ಪಶ್ಚಿಮ–ನೈಋತ್ಯ ದಿಕ್ಕಿಗೆ ಸಾಗಬೇಕು. ಮಳೆಗಾಲದ ಗಾಳಿ ಬರುವುದೂ ಅದೇ ದಿಕ್ಕಿನಿಂದ. ತೆರೆದ ಏಣಿನ (ಗುಡ್ಡದ ಉದ್ದನೆಯ ನೆತ್ತಿಯ) ಮೇಲೆ ಗಂಟೆಗಟ್ಟಲೆ ಮರೆಯೇ ಸಿಗದ ಎದುರುಗಾಳಿ, ಮೇಲಿಂದ ಸಾಲು ಸಾಲು ಏರಿಳಿತ. ಬೇಸಿಗೆಯ ಹುಣ್ಣಿಮೆ ರಾತ್ರಿ ಅದನ್ನು ನಡೆದು ಮುಗಿಸಿದ ಧೈರ್ಯದಲ್ಲಿ ಜುಲೈಯಲ್ಲಿ ಓಡಲು ಹೊರಡಬೇಡಿ.

ಹಂತ 2: ಹಿಂದಿನ ರಾತ್ರಿಯೇ ಗಾಳಿಯ ಅಂದಾಜು ಮಾಡಿ

ಹವಾಮಾನದ ಆ್ಯಪ್ ತೆರೆದು ‘ಪುಣೆ, ಗಾಳಿ 18 ಕಿಲೋಮೀಟರ್’ ಎಂಬುದನ್ನು ನೋಡಿ ಮಲಗುವುದು ಬಹಳ ಜನ ಮಾಡುವ ತಪ್ಪು. ಆ ಅಂಕಿ ನಗರದ ಎತ್ತರದ್ದು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಸಿಂಹಗಡದ ತುದಿ ಸುಮಾರು 1,312 ಮೀಟರ್. ಮೇಲೆ ಹೋದಂತೆ ನೆಲದ ಅಡೆತಡೆ ಕಡಿಮೆಯಾಗುತ್ತದೆ. ಅಲ್ಲದೆ ಗುಡ್ಡದ ನೆತ್ತಿಯನ್ನು ದಾಟುವಾಗ ಗಾಳಿ ಒತ್ತೊತ್ತಾಗಿ ನುಗ್ಗಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಜಾಗಗಳಲ್ಲೂ, ಇಲ್ಲಿಯವರು ಖಿಂಡ ಎನ್ನುವಲ್ಲಿ, ಹೀಗೆಯೇ ಆಗುತ್ತದೆ.

ವಿಂಡಿ ಆ್ಯಪ್‌ನಲ್ಲಿ ಎತ್ತರ ಬದಲಿಸುವ ಪಟ್ಟಿಯಿದೆ. ಅದರಲ್ಲಿ 900 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಎಂದರೆ ಸುಮಾರು 1,000 ಮೀಟರ್, 850 ಎಂದರೆ ಸುಮಾರು 1,500 ಮೀಟರ್. ಸಿಂಹಗಡ ಇವೆರಡರ ನಡುವೆ ಬರುತ್ತದೆ, ಆದ್ದರಿಂದ ಎರಡನ್ನೂ ನೋಡಿ, ಹೆಚ್ಚಿನದನ್ನೇ ಲೆಕ್ಕಕ್ಕೆ ಹಿಡಿಯಿರಿ. ಸರಾಸರಿ ವೇಗದ ಜೊತೆಗೆ ‘ಗಸ್ಟ್’ ಎಂಬ ಅಂಕಿಯನ್ನೂ ಗಮನಿಸಿ. ಓಟಗಾರನನ್ನು ಬೀಳಿಸುವುದು ಸರಾಸರಿ ಗಾಳಿಯಲ್ಲ, ಹಠಾತ್ತನೆ ಬಂದು ನಿಲ್ಲುವ ಬೀಸು.

ನಾನು ಪಾಲಿಸುವ ಮಿತಿ ಹೀಗಿದೆ. ಬೀಸು ಗಂಟೆಗೆ 25 ಕಿಲೋಮೀಟರ್ ಒಳಗಿದ್ದರೆ ಯಾವ ದಾರಿಯಾದರೂ ಸರಿ. 25ರಿಂದ 40 ಇದ್ದರೆ ಅಂಚು, ಬಂಡೆಯ ಕೊನೆ ಇಲ್ಲದ ದಾರಿ ಮಾತ್ರ. 40 ದಾಟಿದರೆ ಗುಡ್ಡದ ಮರೆಯ ಮಗ್ಗುಲಲ್ಲಿ ಅರ್ಧದವರೆಗೆ ಹತ್ತಿ ಇಳಿಯುವುದು. 50 ದಾಟಿದರೆ ಗುಡ್ಡದ ಮಾತೇ ಬೇಡ, ಮನೆಯ ಮೆಟ್ಟಿಲು ಹತ್ತಿ.

ಬೆಳಿಗ್ಗೆ ಬುಡಕ್ಕೆ ಬಂದ ಮೇಲೆ ಮರಗಳನ್ನು ನೋಡಿ. ಧೂಳು, ಕಾಗದ ಹಾರುತ್ತ ಸಣ್ಣ ರೆಂಬೆ ಆಡುತ್ತಿದ್ದರೆ 20ರಿಂದ 28. ಎಲೆ ತುಂಬಿದ ಸಣ್ಣ ಮರ ತೂಗುತ್ತಿದ್ದರೆ 29ರಿಂದ 38. ದೊಡ್ಡ ಕೊಂಬೆಗಳು ಅಲ್ಲಾಡುತ್ತ ಕೊಡೆ ಹಿಡಿಯುವುದು ಕಷ್ಟವಾದರೆ 39ರಿಂದ 49. ಇಡೀ ಮರ ತೂಗಿದರೆ 50ಕ್ಕೆ ಮೇಲೆ. ನಾವಿಕರಿಗೂ ಹವಾಮಾನದವರಿಗೂ ಪರಿಚಿತವಾದ ಬ್ಯೂಫೋರ್ಟ್ ಮಾಪನವೇ ಇದು. ಇದಕ್ಕೆ ಯಾವ ಉಪಕರಣವೂ ಬೇಡ. ಆದರೆ ಮರೆಯ ಮಗ್ಗುಲಲ್ಲಿ ನಿಂತು ಮರ ನೋಡಿದರೆ ಮೋಸ ಹೋಗುತ್ತೀರಿ. ಮೋಡ ಗುಡ್ಡದ ನೆತ್ತಿಯ ಮೇಲೆ ಎಷ್ಟು ಬೇಗ ಸರಿಯುತ್ತಿದೆ ಎಂಬುದನ್ನೂ ನೋಡಿ.

ಏಪ್ರಿಲ್–ಮೇ ತಿಂಗಳಲ್ಲಿ ತರಬೇತಿ ಮಾಡುವವರಿಗೆ ಬೇರೆ ಎಚ್ಚರಿಕೆ. ಆಗ ಬೆಳಿಗ್ಗೆ ಗಾಳಿ ಶಾಂತವಾಗಿರುತ್ತದೆ, ಮಧ್ಯಾಹ್ನದ ನಂತರ ಗುಡುಗು–ಮಿಂಚಿನ ಮಳೆ ರಭಸದ ಬೀಸನ್ನು ಹೊತ್ತು ತರುತ್ತದೆ. ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಹತ್ತಿರದ ಮಿಂಚಿನ ಸೂಚನೆ ಕೊಡುತ್ತದೆ. ಅದನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

ಹಂತ 3: ಚೀಲದಲ್ಲಿ ಇರಬೇಕಾದ್ದು

ಟೋಪಿ ಬಿಗಿ ಮಾಡಿಕೊಳ್ಳಬಹುದಾದ, ಮಡಚಿದರೆ ಮುಷ್ಟಿಯಲ್ಲಿ ಹಿಡಿಯುವಷ್ಟು ತೆಳ್ಳನೆಯ ವಿಂಡ್‌ಚೀಟರ್ ಮೊದಲ ವಸ್ತು. ಇದಿಲ್ಲದೆ ಮಳೆಗಾಲದಲ್ಲಿ ಮೇಲೆ ಹೋಗಬೇಡಿ. ಪ್ಲಾಸ್ಟಿಕ್ ಪೊಂಚೊ ಇದಕ್ಕೆ ಬದಲಿಯಲ್ಲ. ಅದು ಗಾಳಿ ತುಂಬಿಕೊಂಡು ಮೈಯನ್ನೇ ಪಕ್ಕಕ್ಕೆ ಎಳೆಯುತ್ತದೆ, ಇಳಿಯುವಾಗ ಮುಖದ ಮೇಲೆ ಬಂದು ದಾರಿ ಮರೆಮಾಡುತ್ತದೆ.

ಹತ್ತಿಯ ಬನಿಯನ್, ಟೀ ಶರ್ಟ್ ಬೇಡವೇ ಬೇಡ. ಅದು ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ತುದಿಯ ಗಾಳಿ ಆ ಒದ್ದೆಯ ಮೂಲಕ ಮೈಯ ಶಾಖವನ್ನೆಲ್ಲ ಹೊತ್ತೊಯ್ಯುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಶರ್ಟ್ ಸಾಕು, ದುಬಾರಿಯದೇ ಆಗಬೇಕೆಂದಿಲ್ಲ.

ಮುಂಚಾಚಿನ ಟೋಪಿಯ ಬದಲು ತಲೆಗೂ ಕಿವಿಗೂ ಸುತ್ತುವ ಬಫ್, ಧೂಳಿನ ದಿನಗಳಿಗೆ ಬಣ್ಣವಿಲ್ಲದ ಕನ್ನಡಕ, ಅಡಿಯಲ್ಲಿ ಆಳವಾದ ಹಲ್ಲುಗಳಿರುವ ಟ್ರಯಲ್ ಶೂ, ಸೀಟಿ, ನೀರು ಹೋಗದ ಚೀಲದಲ್ಲಿ ಫೋನ್. ಗಂಟೆಗೆ ಸುಮಾರು ಅರ್ಧ ಲೀಟರ್ ನೀರು, ಜೊತೆಗೆ ಓಆರ್‌ಎಸ್. ಗಾಳಿಯಲ್ಲಿ ಬೆವರು ಚರ್ಮದ ಮೇಲೆ ನಿಲ್ಲದೆ ಆರಿಹೋಗುವುದರಿಂದ ಬೆವರುತ್ತಲೇ ಇಲ್ಲ ಎನಿಸುತ್ತದೆ, ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. ತೊಡೆ ಸೆಟೆದುಕೊಳ್ಳುವವರಲ್ಲಿ ಹಲವರ ಬಾಟಲಿ ಕೆಳಗೆ ಬಂದಾಗಲೂ ತುಂಬಿಯೇ ಇರುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ಎಂದು ಗಡಿಯಾರದಲ್ಲಿ ಗುರುತು ಹಾಕಿಕೊಳ್ಳಿ.

ಇಯರ್‌ಫೋನ್ ಮನೆಯಲ್ಲಿರಲಿ. ಗಾಳಿಯ ಸದ್ದಿನಲ್ಲಿ ಹಿಂದಿನವರ ಕೂಗು ಹೇಗೂ ಸರಿಯಾಗಿ ಕೇಳಿಸುವುದಿಲ್ಲ.

ಹಂತ 4: ಬುಡದಲ್ಲೇ ಮೈ ಬೆಚ್ಚಗೆ ಮಾಡಿಕೊಳ್ಳಿ

ಗಾಡಿ ನಿಲ್ಲಿಸಿದ ಕೂಡಲೇ ಹತ್ತಲು ಶುರು ಮಾಡಬೇಡಿ. ಹತ್ತು ನಿಮಿಷ ಜಾಗ್, ಆಮೇಲೆ ಮೊಣಕಾಲು ಎತ್ತುವುದು, ಹಿಮ್ಮಡಿ ಎತ್ತಿಳಿಸುವುದು. ವಿಂಡ್‌ಚೀಟರ್ ಹಾಕಿಕೊಂಡೇ ಇದನ್ನು ಮಾಡಿ, ಹತ್ತುವ ಮುನ್ನ ತೆಗೆದು ಚೀಲಕ್ಕೆ ಸೇರಿಸಿ. ಹತ್ತುವಾಗ ಅದನ್ನು ಹಾಕಿಕೊಂಡೇ ಇದ್ದರೆ ಒಳಗೆಲ್ಲ ಬೆವರಿ ಒದ್ದೆಯಾಗಿ, ತುದಿಯಲ್ಲಿ ಅದು ಇದ್ದೂ ಇಲ್ಲದಂತಾಗುತ್ತದೆ.

ಹಂತ 5: ಎದುರುಗಾಳಿಯ ಏರಿನಲ್ಲಿ ಗಡಿಯಾರ ನೋಡಬೇಡಿ

ಇದು ಇಡೀ ತರಬೇತಿಯ ಹೃದಯ, ಹೆಚ್ಚು ಜನ ಸೋಲುವುದೂ ಇಲ್ಲೇ. ‘ಕಿಲೋಮೀಟರಿಗೆ ಇಷ್ಟು ನಿಮಿಷ’ ಎಂಬ ಗುರಿ ಇಟ್ಟುಕೊಂಡು ಗಾಳಿಗೆ ಎದುರಾಗಿ ಓಡಿದರೆ ಮೊದಲ ಇಪ್ಪತ್ತು ನಿಮಿಷದಲ್ಲೇ ಶಕ್ತಿಯೆಲ್ಲ ಖರ್ಚಾಗುತ್ತದೆ.

ಲೆಕ್ಕ ನೋಡಿ. ಗಾಳಿಯ ತಡೆ, ನಿಮಗೂ ಗಾಳಿಗೂ ನಡುವಿನ ಸಾಪೇಕ್ಷ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾಳಿಯಿಲ್ಲದ ದಿನ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಓಡುವಾಗಿನ ತಡೆಯನ್ನು 1 ಎಂದುಕೊಳ್ಳಿ. 30 ಕಿಲೋಮೀಟರ್ ಎದುರುಗಾಳಿಯಲ್ಲಿ ಅದೇ ವೇಗ ಹಿಡಿದರೆ ಸಾಪೇಕ್ಷ ವೇಗ 40, ತಡೆ 16 ಪಟ್ಟು. ಅದೇ ಗಾಳಿ ಬೆನ್ನಿಗಿದ್ದರೆ ಸಾಪೇಕ್ಷ ವೇಗ 20, ಅದು ನಿಮ್ಮನ್ನು 4ರಷ್ಟು ತಳ್ಳುತ್ತದೆ. ಅಂದರೆ ಹೋಗುವಾಗ 15ರಷ್ಟು ನಷ್ಟ, ಬರುವಾಗ 5ರಷ್ಟು ಲಾಭ. ‘ಬರುವಾಗ ಸರಿಹೋಗುತ್ತದೆ’ ಎಂಬ ನಂಬಿಕೆಗೆ ಆಧಾರವೇ ಇಲ್ಲ. ಕಳೆದುಕೊಂಡ ಸಮಯ ವಾಪಸು ಬರುವುದಿಲ್ಲ, ಅದನ್ನು ಒಪ್ಪಿಕೊಂಡೇ ಹೊರಡಿ.

ವೇಗದ ಬದಲು ಶ್ರಮವನ್ನು ಅಳೆಯಿರಿ. ಹತ್ತಕ್ಕೆ ಆರು ಎಂದರೆ ಚಿಕ್ಕ ವಾಕ್ಯವೊಂದನ್ನು ತಡೆಯಿಲ್ಲದೆ ಹೇಳಬಹುದು. ಏಳು ಎಂದರೆ ಮೂರ್ನಾಲ್ಕು ಪದಗಳಿಗೆ ಉಸಿರು ಬೇಕು. ತರಬೇತಿಯ ದಿನ ಏಳನ್ನು ದಾಟಬೇಡಿ. ಜೊತೆಗಾರರೊಡನೆ ಕನ್ನಡದಲ್ಲೇ ಹರಟೆ ಹೊಡೆಯುತ್ತ ಏರಿ, ಮಾತು ನಿಂತಾಗ ನೀವು ಮಿತಿ ಮೀರಿದ್ದೀರಿ ಎಂದು ಗೊತ್ತಾಗುತ್ತದೆ.

ಬುಡದ ಹಳ್ಳಿ ಆತಕರವಾಡಿಯಿಂದ ಸಿಂಹಗಡಕ್ಕೆ ಸುಮಾರು ಮೂರು ಕಿಲೋಮೀಟರ್ ಒಳಗೆ ಸುಮಾರು 600 ಮೀಟರ್ ಎತ್ತರ ಏರಬೇಕು. ಇಷ್ಟು ಕಡಿದಾದ ದಾರಿಯಲ್ಲಿ ಓಡುವುದಕ್ಕಿಂತ ಬಿರುಸು ನಡಿಗೆ ಕಡಿಮೆ ಶಕ್ತಿ ಬೇಡುತ್ತದೆ. ನಡೆಯಲು ನಾಚಿಕೆ ಬೇಡ. ಅಂಗೈಗಳನ್ನು ಮೊಣಕಾಲಿನ ಮೇಲ್ಭಾಗಕ್ಕೆ ಒತ್ತಿ, ಹೆಜ್ಜೆ ಚಿಕ್ಕದಾಗಿ, ಲಯ ತಪ್ಪದೆ ಹತ್ತಿ.

ಮೈಯನ್ನು ಮುಂದಕ್ಕೆ ಬಾಗಿಸುವುದು ಹಿಮ್ಮಡಿಯ ಗಂಟಿನಿಂದ ಇರಬೇಕು, ಸೊಂಟದಿಂದ ಅಲ್ಲ. ಸೊಂಟ ಮುರಿದು ಬಾಗಿದರೆ ಎದೆ ಕುಗ್ಗಿ ಉಸಿರಿಗೆ ಜಾಗ ಸಾಲದು. ಇನ್ನೊಂದು ಮುಖ್ಯ ಮಾತು: ಗಾಳಿಯ ಮೇಲೆ ಭಾರ ಹಾಕಬೇಡಿ. ಬೀಸು ತಟಕ್ಕನೆ ನಿಂತಾಗ ಮುಗ್ಗರಿಸುವುದು ಅದಕ್ಕೇ. ಭಾರ ಯಾವಾಗಲೂ ನಿಮ್ಮ ಪಾದದ ಮೇಲೇ ಇರಲಿ.

ಗುಂಪಿನಲ್ಲಿದ್ದರೆ ಒಬ್ಬರ ಹಿಂದೆ ಒಬ್ಬರು ಏರಿ, ಎರಡು ಮೂರು ನಿಮಿಷಕ್ಕೊಮ್ಮೆ ಮುಂದಿನವರು ಹಿಂದಕ್ಕೆ ಬನ್ನಿ. ಬ್ರಿಟಿಷ್ ಶರೀರವಿಜ್ಞಾನಿ ಪ್ಯೂ 1971ರಲ್ಲೇ ಅಳೆದು ತೋರಿಸಿದಂತೆ, ಒಂದು ಮೀಟರ್ ಹಿಂದೆ ಓಡುವವನಿಗೆ ಗಾಳಿಯ ತಡೆ ಬಹುಪಾಲು ತಪ್ಪುತ್ತದೆ. ಗುಡ್ಡದಲ್ಲಿ ಎರಡು ಮೀಟರ್ ಬಿಡಿ, ಕಾಲಿಡುವ ಕಲ್ಲು ಕಾಣಬೇಕು. ಇಳಿಯುವಾಗ ಇದನ್ನು ಮಾಡಲೇಬಾರದು.

ಹಂತ 6: ಏಣಿನ ಮೇಲೆ ಅಡ್ಡಗಾಳಿ

ವೇತಾಳ ಟೇಕಡಿಯ ನೆತ್ತಿಗೆ ಬಂದಾಗ ಹಳೆಯ ಕಲ್ಲುಕ್ವಾರಿಯ ಅಂಚು ಸಿಗುತ್ತದೆ. ಬಿಸಿಲಿನ ದಿನ ಅದರ ಪಕ್ಕದಲ್ಲೇ ಓಡುವವರಿದ್ದಾರೆ. ಗಾಳಿಯ ದಿನ ಯಾವ ಅಂಚಿನಿಂದಲಾದರೂ ಕನಿಷ್ಠ ಐದಾರು ಹೆಜ್ಜೆ ಒಳಗಿರಿ, ಗಾಳಿ ನಿಮ್ಮನ್ನು ಅಂಚಿನ ಕಡೆಗೆ ತಳ್ಳುತ್ತಿದ್ದರೆ ಇನ್ನೂ ದೂರ.

ಅಡ್ಡಗಾಳಿಯಲ್ಲಿ ಕಾಲುಗಳ ನಡುವೆ ತುಸು ಹೆಚ್ಚು ಅಂತರವಿರಲಿ, ಮೊಣಕಾಲು ಸಡಿಲವಾಗಿರಲಿ. ಎತ್ತಿದ ಕಾಲನ್ನು ಗಾಳಿ ಇನ್ನೊಂದು ಕಾಲಿಗೆ ತಗುಲಿಸುವುದೇ ಇಲ್ಲಿ ಬೀಳಲು ಸಾಮಾನ್ಯ ಕಾರಣ, ಹಾಗಾಗಿ ಪಾದ ಮೇಲೆತ್ತುವುದನ್ನು ಕಡಿಮೆ ಮಾಡಿ. ದೊಡ್ಡ ಬೀಸು ಬಂದರೆ ನಿಲ್ಲಿ, ಕುಕ್ಕರಗಾಲಲ್ಲಿ ಕೂರಿ, ಅದು ಹೋದ ಮೇಲೆ ಏಳಿ. ಮುಂದೆ ಒಣಹುಲ್ಲು ಅಲೆಯಾಗಿ ಮಲಗುತ್ತಾ ನಿಮ್ಮ ಕಡೆಗೆ ಬರುವುದು ಕಂಡರೆ ಬೀಸು ತಾಗಲು ಎರಡು ಮೂರು ಸೆಕೆಂಡ್ ಇದೆ ಎಂದರ್ಥ. ಆ ಎರಡು ಸೆಕೆಂಡನ್ನು ಬಳಸಿಕೊಳ್ಳುವುದನ್ನು ಕಲಿಯಿರಿ.

ಹಂತ 7: ತುದಿಗೆ ಮುಂಚೆಯೇ ಜಾಕೆಟ್

ಆತಕರವಾಡಿಯ ದಾರಿ ಗಡದ ಪುಣೆ ಕಡೆಯ ಮಗ್ಗುಲಲ್ಲಿದೆ. ನೈಋತ್ಯದ ಗಾಳಿಗೆ ಇಡೀ ಗಡವೇ ಅಡ್ಡ ನಿಂತಿರುವುದರಿಂದ ಹತ್ತುವಾಗ ಹೆಚ್ಚಿನ ಹೊತ್ತು ಗಾಳಿ ಗೊತ್ತೇ ಆಗುವುದಿಲ್ಲ, ಸೆಖೆಯಲ್ಲಿ ಬೆವರು ಧಾರಾಕಾರ. ಕೋಟೆಯ ಬಾಗಿಲಾದ ಪುಣೆ ದರವಾಜಾ ದಾಟಿ ಮೇಲಿನ ಬಯಲಿಗೆ ಕಾಲಿಟ್ಟಾಗ ಗಾಳಿ ಒಮ್ಮೆಲೇ ಎದೆಗೆ ಬಡಿಯುತ್ತದೆ. ಒದ್ದೆ ಶರ್ಟಿನಲ್ಲಿ ನಿಂತು ಫೋಟೊ ತೆಗೆದುಕೊಳ್ಳುವ ಐದು ನಿಮಿಷದಲ್ಲೇ ನಡುಕ ಶುರುವಾಗುತ್ತದೆ.

ಆದ್ದರಿಂದ ದರವಾಜಾಕ್ಕೆ ಮೊದಲು, ಇನ್ನೂ ಮರೆಯಲ್ಲಿರುವಾಗಲೇ ನಿಂತು ವಿಂಡ್‌ಚೀಟರ್ ಹಾಕಿಕೊಳ್ಳಿ, ಬಫ್ ಕಿವಿಗೆ ಎಳೆದುಕೊಳ್ಳಿ, ಎರಡು ಗುಟುಕು ನೀರು ಕುಡಿಯಿರಿ. ಮೇಲೆ ಹೋಗಿ ಹಾಕಿಕೊಂಡರಾಯಿತು ಎಂದುಕೊಂಡರೆ ಮರಗಟ್ಟಿದ ಬೆರಳಿಗೆ ಜಿಪ್ ಸಿಗುವುದಿಲ್ಲ.

ಮೇಲೆ ಪಿಠಲ–ಭಾಕರಿ, ಕಾಂದಾಭಜಿ, ಮಣ್ಣಿನ ಕುಡಿಕೆಯ ಮೊಸರು ಎಲ್ಲವೂ ಸಿಗುತ್ತದೆ. ನಮ್ಮ ಜುಣಕ–ರೊಟ್ಟಿಯ ನೆನಪಾಗುವುದು ಸಹಜ. ತಿನ್ನಬೇಡಿ ಎನ್ನುವುದಿಲ್ಲ, ಆದರೆ ಓಡುತ್ತ ಇಳಿಯುವವರಿಗೆ ಬಾಳೆಹಣ್ಣು, ಶೇಂಗಾ ಚಿಕ್ಕಿ ಸಾಕು. ತಿಂದು ಕೂತು ಮೈ ತಣ್ಣಗಾದ ಮೇಲೆ ನಡೆದೇ ಇಳಿಯಿರಿ.

ಹಂತ 8: ಇಳಿಯುವುದು

ಬೆನ್ನಿಗೆ ಗಾಳಿ, ಮುಂದೆ ಇಳಿಜಾರು. ಓಡುತ್ತಿರುವುದು ನೀವಲ್ಲ, ನಿಮ್ಮನ್ನು ಯಾರೋ ಓಡಿಸುತ್ತಿದ್ದಾರೆ ಎನಿಸತೊಡಗಿದರೆ ಆಗಲೇ ತಡವಾಗಿದೆ ಎಂದು ತಿಳಿಯಿರಿ. ಮೊದಲ ನೂರು ಹೆಜ್ಜೆ ನಡೆಯಿರಿ. ಆಮೇಲೆ ಹೆಜ್ಜೆ ಚಿಕ್ಕದು, ಬೇಗಬೇಗ, ಪಾದ ದೇಹದ ಕೆಳಗೇ ಬೀಳುವಂತೆ. ಕಾಲನ್ನು ಮುಂದಕ್ಕೆ ಚಾಚಿ ಬ್ರೇಕ್ ಹಾಕಿದರೆ ತೊಡೆಯ ಮುಂಭಾಗದ ಸ್ನಾಯು ಹರಿಯುವಷ್ಟು ದುಡಿಯುತ್ತದೆ, ಮರುದಿನ ಕಚೇರಿಯ ಮೆಟ್ಟಿಲು ಇಳಿಯಲಾಗದಿರುವುದು ಅದರಿಂದಲೇ. ತೋಳುಗಳನ್ನು ಅಗಲಿಸಿ ಸಮತೋಲ ಹಿಡಿಯಿರಿ.

ನೆಲ ಎರಡು ಬಗೆಯಲ್ಲಿ ಕೈಕೊಡುತ್ತದೆ. ಬೇಸಿಗೆಯಲ್ಲಿ ಬಂಡೆಯ ಮೇಲೆ ಹರಡಿದ ಒಣ ಮೊರಂ (ಗರಸು ಮಣ್ಣು), ಸಿಮೆಂಟ್ ನೆಲದ ಮೇಲೆ ಚೆಲ್ಲಿದ ಜೋಳದ ಕಾಳಿನಂತೆ ಕಾಲಡಿಯಲ್ಲಿ ಉರುಳುತ್ತದೆ. ಮಳೆಗಾಲದಲ್ಲಿ ಕಪ್ಪು ಬಸಾಲ್ಟ್ ಕಲ್ಲಿನ ಮೇಲೆ ಪಾಚಿ. ಹೊಳೆಯುವ ಕಲ್ಲಿಗಿಂತ ಮಂಕಾದ ಕಲ್ಲಿನ ಮೇಲೆ ಕಾಲಿಡಿ, ಸಾಧ್ಯವಾದಲ್ಲಿ ಕಲ್ಲು ಬಿಟ್ಟು ಹುಲ್ಲಿನ ಬುಡ ಹಿಡಿಯಿರಿ. ಗುಡ್ಡ ಕುಸಿತದ ಭಯದಿಂದ ಮಳೆಗಾಲದಲ್ಲಿ ಸಿಂಹಗಡದ ರಸ್ತೆ ಮುಚ್ಚುವುದುಂಟು. ಅಂಥ ದಿನ ಕಾಲುದಾರಿಯೂ ಬೇಡ.

ತಕ್ಷಣ ಹಿಂತಿರುಗಬೇಕಾದ ಸೂಚನೆಗಳು

ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರ್ ಒಳಗಿದೆ. ನೆತ್ತಿ, ಒಂಟಿಮರ, ಕಬ್ಬಿಣದ ಕಂಬಗಳಿಂದ ದೂರ ಸರಿದು ಇಳಿಯಿರಿ. ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಕಾಯದೆ ಮತ್ತೆ ಏರಬೇಡಿ.

ನಡುಕ ನಿಲ್ಲದಿರುವುದು, ಮಾತು ತೊದಲುವುದು, ಶೂ ಲೇಸ್ ಕಟ್ಟಲಾಗದಿರುವುದು, ಸುಮ್ಮಸುಮ್ಮನೆ ಸಿಡುಕುವುದು ಮೈಯ ಶಾಖ ಕುಸಿಯುತ್ತಿರುವ ಗುರುತು. ಪುಣೆಯಲ್ಲಿ ಚಳಿಯಿಂದ ಏನಾಗುತ್ತದೆ ಎಂದು ನಗಬೇಡಿ. ಒದ್ದೆ ಬಟ್ಟೆ, ಗಾಳಿ, ದಣಿವು ಮೂರೂ ಸೇರಿದರೆ 20 ಡಿಗ್ರಿಯಲ್ಲೂ ಇದು ಆಗಬಹುದು. ಹೀಗಾದವರನ್ನು ಗಾಳಿಯ ಮರೆಗೆ ಕರೆತನ್ನಿ, ಒಣ ಬಟ್ಟೆ ಹಾಕಿಸಿ, ಎಚ್ಚರವಾಗಿದ್ದರೆ ಬಿಸಿಯಾದ ಸಿಹಿ ಚಹಾ ಕೊಡಿ. ಒಬ್ಬರನ್ನೇ ಬಿಟ್ಟು ಬರಬೇಡಿ. ಸುಧಾರಿಸದಿದ್ದರೆ 112ಕ್ಕೆ ಕರೆ ಮಾಡಿ.

ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿ, ಅವತ್ತಿನ ಓಟ ಮುಗಿಯಿತು. ಮಂಜು ಕವಿದು ಇಪ್ಪತ್ತು ಹೆಜ್ಜೆ ಮುಂದಿನ ದಾರಿ ಕಾಣದಿದ್ದರೂ ಅಷ್ಟೇ. ಮೇಲಿನ ಮಜ್ಜಿಗೆ ಅಂಗಡಿಯವರು ಟಾರ್ಪಾಲು ಬಿಚ್ಚಿ ಕಲ್ಲು ಹೇರುತ್ತಿದ್ದರೆ ಅವರು ಆ ಗಾಳಿಯನ್ನು ನಿಮಗಿಂತ ಚೆನ್ನಾಗಿ ಬಲ್ಲವರು, ಅವರ ಮಾತು ಕೇಳಿ.

ಹಂತ 9: ಕೆಳಗೆ ಬಂದ ಮೇಲೆ

ನಮ್ಮಲ್ಲಿ ಹೆಚ್ಚಿನವರು ಬರುವುದು ಬೈಕಿನಲ್ಲಿ. ಒದ್ದೆ ಬಟ್ಟೆಯಲ್ಲೇ ಖಡಕವಾಸ್ಲಾ ಕೆರೆಯ ಬದಿಯಲ್ಲಿ 50 ಕಿಲೋಮೀಟರ್ ವೇಗದಲ್ಲಿ ಹೋಗುವುದೆಂದರೆ ಬಿರುಗಾಳಿಗೆ ಮತ್ತೊಮ್ಮೆ ಮೈಯೊಡ್ಡಿದಂತೆಯೇ. ಗಾಡಿಯ ಡಿಕ್ಕಿಯಲ್ಲಿ ಒಣ ಶರ್ಟ್, ಟವೆಲ್, ಒಂದು ಜೊತೆ ಕಾಲುಚೀಲ ಇಟ್ಟೇ ಹೊರಡಿ. ಮೊದಲು ಬಟ್ಟೆ ಬದಲಿಸಿ, ಆಮೇಲೆ ಹತ್ತು ನಿಮಿಷ ನಡೆದಾಡಿ, ಮೀನಖಂಡ ಮತ್ತು ತೊಡೆ ಚಾಚಿ, ಉಪ್ಪು ಹಾಕಿದ ಮಜ್ಜಿಗೆಯನ್ನೋ ಓಆರ್‌ಎಸ್ಸನ್ನೋ ಕುಡಿಯಿರಿ. ಅಂದಿನ ಗಾಳಿಯ ಅಂಕಿ, ಹತ್ತಿದ ಮಗ್ಗುಲು, ಶ್ರಮದ ಅಂದಾಜು ಈ ಮೂರನ್ನು ಫೋನಿನಲ್ಲಿ ಬರೆದಿಡಿ. ಮುಂದಿನ ಭಾನುವಾರ ಯಾವ ದಾರಿ ಹಿಡಿಯಬೇಕು ಎಂಬುದನ್ನು ಆ ಮೂರು ಸಾಲು ನೋಡಿಯೇ ನಿರ್ಧರಿಸಿ.